ಅಕ್ಟೋಬರಿನ ಸೀಟಿ, ಜೂನಿನ ಮೌನ

ರೆಫರಿಯಾದವನು ಪಂದ್ಯದ ಫಲವನ್ನು ನಿರ್ಧರಿಸಕೂಡದು, ಆಟಗಾರರನ್ನು ಅವರ ಪಾಡಿಗೆ ಆಡಗೊಡಬೇಕು ಎಂಬ ಮಾತು ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿಯ ಪಂಡಿತರಲ್ಲಿ ವೇದವಾಕ್ಯದಂತೆ ನಡೆದುಬಂದಿದೆ. ಕೇಳುವುದಕ್ಕೇನೋ ಇಂಪಾಗಿದೆ. ಆದರೆ ಇದಕ್ಕಿಂತ ಕಪಟವಾದ ಮಾತು ಆಟದ ಲೋಕದಲ್ಲಿ ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ.

ಹಾಕಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಮೈದಾನದ ಆಟ ಇದಲ್ಲ. ಇಲ್ಲಿ ನೆಲವೇ ಮಂಜುಗಡ್ಡೆ. ಕಾಲಿಗೆ ಉಕ್ಕಿನ ಅಲಗುಳ್ಳ ಸ್ಕೇಟುಗಳು. ಚೆಂಡಿಗೆ ಬದಲು ಪಕ್ ಎಂಬ ರಬ್ಬರಿನ ಬಿಲ್ಲೆ. ಪಕ್ ಇದ್ದವನನ್ನು ಮೈಯಿಂದ ನೂಕಿ ಕೆಡವುವುದಕ್ಕೆ ನಿಯಮದಲ್ಲಿಯೇ ಅವಕಾಶವುಂಟು. ಆದರೆ ಕೋಲನ್ನು ಕೊಕ್ಕೆ ಮಾಡಿ ಎಳೆಯುವುದು, ಕೈಯಿಂದ ಹಿಡಿದು ನಿಲ್ಲಿಸುವುದು, ಪಕ್ ಇಲ್ಲದವನ ದಾರಿಗೆ ಅಡ್ಡ ಬರುವುದು ತಪ್ಪು. ತಪ್ಪು ಮಾಡಿದವನು ಎರಡು ನಿಮಿಷ ಪೆಟ್ಟಿಗೆಯೊಳಗೆ ಕೂಡಬೇಕು. ಅಷ್ಟು ಹೊತ್ತು ಅವನ ತಂಡ ಒಬ್ಬನ ಕೊರತೆಯಲ್ಲಿ ಆಡಬೇಕು. ಎದುರು ತಂಡ ಗೋಲು ಹೊಡೆದರೆ ಬೇಗನೆ ಬಿಡುಗಡೆ. ಹಿಂದೆ ಆ ರಿಯಾಯಿತಿಯೂ ಇರಲಿಲ್ಲ. 1955ರ ನವೆಂಬರಿನಲ್ಲಿ ಮಾಂಟ್ರಿಯಲ್ ತಂಡದ ಝಾನ್ ಬೆಲಿವೋ, ಬಾಸ್ಟನ್ನಿನವರು ಪೆಟ್ಟಿಗೆಯಲ್ಲಿದ್ದಾಗ 44 ಸೆಕೆಂಡುಗಳಲ್ಲಿ ಮೂರು ಗೋಲು ಹೊಡೆದ. ಮರುವರ್ಷವೇ ನಿಯಮ ಸಡಿಲವಾಯಿತು. ಶಿಕ್ಷೆಗೆ ಎಷ್ಟು ತೂಕವಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಶಿಕ್ಷೆಯೇನೋ ತೂಕದ್ದೇ. ಅದನ್ನು ವಿಧಿಸುವ ಮನಸ್ಸು ಮಾತ್ರ ಹಗುರ. ತೊಂಬತ್ತರ ದಶಕದಲ್ಲಿ ಎಳೆತ, ಹಿಡಿತ, ಅಡ್ಡಗಟ್ಟುವಿಕೆಗಳು ಎಷ್ಟು ಹೆಚ್ಚಿದವೆಂದರೆ, ವೇಗವೂ ಜಾಣ್ಮೆಯೂ ಉಳ್ಳವನಿಗೆ ಅವೇ ಶಾಪವಾದುವು. ಅಂದಿನ ಮಹಾ ಆಟಗಾರ ಮಾರಿಯೋ ಲೆಮ್ಯೂ 1992ರಲ್ಲಿ ಇದನ್ನು ಬಹಿರಂಗವಾಗಿ ದೂರಿದ. ನ್ಯಾಷನಲ್ ಹಾಕಿ ಲೀಗ್ ಏನು ಮಾಡಿತು? ಕೊಕ್ಕೆ ಹಾಕುವವರನ್ನು ಬಿಟ್ಟು, ದೂರಿದವನಿಗೇ ದಂಡ ಹಾಕಿತು!

ಆಮೇಲೆ ಆಗೊಮ್ಮೆ ಈಗೊಮ್ಮೆ ಬಿಗಿಯ ಘೋಷಣೆಗಳು ಹೊರಟವು. 2002ರ ಋತುವಿನ ಆರಂಭದಲ್ಲಿ ಸೀಟಿಗಳು ಭರದಿಂದ ಕೂಗಿದುವು. ಋತು ಮುಂದುವರಿದಂತೆ ಅಡಗಿದುವು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ! ಒಡೆಯರಿಗೂ ಆಟಗಾರರಿಗೂ ಹಣದ ವ್ಯಾಜ್ಯ ಬಂದು 2004–05ರ ಋತುವೇ ಇಡಿಯಾಗಿ ಮುಳುಗಿದ ಬಳಿಕ, 2005ರಲ್ಲಿ ಲೀಗಿಗೆ ನಿಜವಾಗಿ ಬುದ್ಧಿ ಬಂತು. ಪ್ರೇಕ್ಷಕರನ್ನು ಮತ್ತೆ ಕರೆತರಬೇಕಾಗಿತ್ತಲ್ಲ! ಆ ವರ್ಷ ಕೊಕ್ಕೆಗೆ ಕ್ಷಮೆಯಿರಲಿಲ್ಲ. ತಂಡವೊಂದಕ್ಕೆ ಪಂದ್ಯಕ್ಕೆ ಆರರ ಹತ್ತಿರ ಪವರ್ ಪ್ಲೇಗಳು ದೊರೆತವು. ಪಂದ್ಯವೊಂದಕ್ಕೆ ಐದರಷ್ಟಿದ್ದ ಗೋಲುಗಳು ಆರನ್ನು ಮೀರಿದುವು. ಬೇರೆ ಕೆಲವು ನಿಯಮಗಳೂ ಆಗಲೇ ಬದಲಾದುವೆಂಬುದು ನಿಜ. ಆದರೂ ಚುರುಕಿನ ಆಟಗಾರನಿಗೆ ಉಸಿರಾಡಲು ಎಡೆ ಸಿಕ್ಕಿದ್ದು ಸೀಟಿಯಿಂದ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಆರು ಮೂರಕ್ಕಿಳಿಯಿತು. ಆಟಗಾರರು ತಿದ್ದಿಕೊಂಡರು ಎನ್ನುತ್ತಾರೆ ಲೀಗಿನ ಹಿತೈಷಿಗಳು. ಕೊಂಚಮಟ್ಟಿಗೆ ಒಪ್ಪುತ್ತೇನೆ. ಆದರೆ ಅಕ್ಟೋಬರಿನಲ್ಲಿ ಪೆನಾಲ್ಟಿಯಾದ ಕೊಕ್ಕೆ, ಪ್ಲೇಆಫಿನ ಕೊನೆಯ ನಿಮಿಷಗಳಲ್ಲಿ ರೆಫರಿಯ ಕಣ್ಣೆದುರೇ ನಡೆದರೂ ಸೀಟಿ ಬಾಯಿಗೆ ಹೋಗುವುದಿಲ್ಲವಲ್ಲ, ಅದೇಕೆ? ತಿದ್ದಿಕೊಂಡವರು ಜೂನ್ ತಿಂಗಳಲ್ಲಿಯೇ ಏಕೆ ಕೆಡಬೇಕು?

ಸುಮ್ಮನಿರುವುದೂ ಒಂದು ತೀರ್ಪು. ಇದೇ ನನ್ನ ವಾದದ ತಿರುಳು. ಕೊಕ್ಕೆ ಬಿದ್ದು ಗೋಲು ತಪ್ಪಿದವನಿಗೆ ಮೌನದಿಂದ ನಷ್ಟವಾಯಿತು. ಕೊಕ್ಕೆ ಹಾಕಿದವನಿಗೆ ಲಾಭವಾಯಿತು. ಫಲವನ್ನು ನಿರ್ಧರಿಸಲಿಲ್ಲವೆಂದು ರೆಫರಿ ಕೈ ತೊಳೆದುಕೊಳ್ಳುವುದು ಹೇಗೆ? 2021ರ ಮಾರ್ಚಿನಲ್ಲಿ ರೆಫರಿ ಟಿಮ್ ಪೀಲ್‌ನ ಮೈಕ್ ತೆರೆದೇ ಇದ್ದು, ನ್ಯಾಶ್‌ವಿಲ್ ತಂಡದ ಮೇಲೆ ಬೇಗನೆ ಒಂದು ಪೆನಾಲ್ಟಿ ಹಾಕಬೇಕೆಂದಿದ್ದೆ ಎಂಬರ್ಥದ ಅವನ ಮಾತು ಜಗತ್ತಿಗೆಲ್ಲ ಕೇಳಿಸಿತು. ಮರುದಿನವೇ ಲೀಗ್ ಅವನನ್ನು ಕೆಲಸದಿಂದ ದೂರವಿಟ್ಟಿತು. ಒಬ್ಬನನ್ನು ಕಳುಹಿಸಿದರೆ ಸಾಕೆ? ತಪ್ಪನ್ನು ನೋಡದೆ ತಕ್ಕಡಿಯನ್ನು ನೋಡಿ ಪೆನಾಲ್ಟಿ ಹಂಚುವ ಅಭ್ಯಾಸವೇ ಹೋಗಬೇಕು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

ಇದು ಬರಿಯ ಗೋಲಿನ ಲೆಕ್ಕವೂ ಅಲ್ಲ. 2016ರ ನವೆಂಬರಿನಲ್ಲಿ ಕ್ಯಾಲ್ಗರಿಯ ಜಾನಿ ಗೋಡ್ರೋನ ಬೆರಳು ಕೋಲಿನ ಏಟಿಗೆ ಮುರಿಯಿತು. 2017ರ ಮಾರ್ಚಿನಲ್ಲಿ ಸಿಡ್ನಿ ಕ್ರಾಸ್‌ಬಿಯ ಏಟಿಗೆ ಆಟಾವಾದ ಮಾರ್ಕ್ ಮೆಥೋನ ಬೆರಳಿನ ತುದಿ ಜಜ್ಜಿಹೋಯಿತು. ಕ್ರಾಸ್‌ಬಿಗೆ ಒಂದು ಪಂದ್ಯದ ಅಮಾನತೂ ಆಗಲಿಲ್ಲ. ಅನಂತರವೇ, ಆ ವರ್ಷದ ಹೊಸ ಋತುವಿಗೆ, ಕೈಗೆ ಕೋಲು ಬೀಸುವುದರ ಮೇಲೆ ಬಿಗಿ ಬಂದದ್ದು. ಬೆರಳು ಮುರಿಯುವ ಮೊದಲು ನಿಯಮ ಇರಲಿಲ್ಲವೆ? ಇತ್ತು. ಪುಸ್ತಕದಲ್ಲಿ ನಿದ್ರಿಸುತ್ತಿತ್ತು.

ಬಿಗಿ ಹೆಚ್ಚಾದರೆ ಅನ್ಯಾಯವೂ ಹೆಚ್ಚುತ್ತದೆಂದು ಎದುರುವಾದಿಗಳು 2019ರ ಏಪ್ರಿಲಿನ ಪಂದ್ಯವನ್ನು ನೆನಪಿಸುತ್ತಾರೆ. ಸರಣಿಯ ಏಳನೆಯ ಪಂದ್ಯ. ವೇಗಸ್ ತಂಡ ಮೂರು ಗೋಲು ಮುಂದಿತ್ತು. ಆಗ ಅದರ ಆಟಗಾರನೊಬ್ಬನಿಗೆ ಬಿದ್ದ ಐದು ನಿಮಿಷದ ಪೆನಾಲ್ಟಿಯಲ್ಲಿ ಸ್ಯಾನ್ ಹೊಸೆ ತಂಡ ನಾಲ್ಕು ಗೋಲು ಹೊಡೆದು, ಕೊನೆಗೆ ಗೆದ್ದಿತು. ತೀರ್ಪು ಅತಿಯಾಯಿತು, ಒಪ್ಪಿದೆ. ಆದರೆ ಅದಕ್ಕೆ ಮದ್ದು ಸಡಿಲಿಕೆಯಲ್ಲ, ಮರುಪರಿಶೀಲನೆ. ಮುಂದಿನ ಋತುವಿನಿಂದ ಲೀಗ್ ಅಂಥ ದೊಡ್ಡ ಪೆನಾಲ್ಟಿಗಳನ್ನು ವಿಡಿಯೋದಲ್ಲಿ ನೋಡಿ ತಿದ್ದುವ ಏರ್ಪಾಡು ಮಾಡಿದ್ದೂ ಅದನ್ನೇ ಹೇಳುತ್ತದೆ.

ಇನ್ನು ಇದು ಗಂಡುಗಳ ಆಟ, ಮೆತ್ತಗೆ ಮಾಡಬೇಡಿ ಎಂಬ ಗೊಣಗು. ಮೈ ಕೊಟ್ಟು ನೂಕುವುದನ್ನು ನಿಲ್ಲಿಸಿರೆಂದು ನಾನು ಕೇಳುತ್ತಿಲ್ಲ. ಹಿಂದಿನಿಂದ ಕೋಲು ಹಾಕಿ ಜಗ್ಗುವುದರಲ್ಲಿ ಯಾವ ಗಂಡಸುತನವಿದೆ? ಅದು ಓಡಲಾರದವನ ಉಪಾಯ.

ನಾನು ಕೇಳುವುದು ಹೊಸ ನಿಯಮವನ್ನಲ್ಲ, ಎರಡೇ ಎರಡು ಸಂಗತಿ. ಒಂದು, ಮೊದಲ ದಿನದ ಅಳತೆಗೋಲೇ ಕೊನೆಯ ದಿನಕ್ಕೂ ಇರಲಿ. ಎರಡು, ರೆಫರಿಗಳ ಲೆಕ್ಕ ಬಯಲಿಗೆ ಬರಲಿ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಸಂಸ್ಥೆ 2015ರಿಂದಲೂ ಬಿಗಿಯಾದ ಪಂದ್ಯಗಳ ಕೊನೆಯ ಎರಡು ನಿಮಿಷಗಳ ತೀರ್ಪುಗಳನ್ನು, ಊದದೆ ಬಿಟ್ಟ ತಪ್ಪುಗಳ ಸಹಿತ, ಪ್ರಕಟಿಸುತ್ತಿದೆ. ಅದರಿಂದ ಆ ಆಟವೇನೂ ಮುಳುಗಿಲ್ಲ. ಹಾಕಿಯವರು ಅಂಜುವುದೇತಕ್ಕೆ?

ನಿಯಮದ ಪುಸ್ತಕವನ್ನು ಎಷ್ಟು ತಿರುವಿಹಾಕಿದರೂ ಅದರಲ್ಲಿ ಜೂನ್ ತಿಂಗಳಿಗೆಂದು ಬೇರೆ ಅಧ್ಯಾಯ ಸಿಕ್ಕುವುದಿಲ್ಲ.