ಗಾಲಿ ನೆಲ ಬಿಡದಿರಲಿ

ಜಟಕಾ ಗಾಡಿಯಲ್ಲಿ ಕುಳಿತು ಬಲ್ಲ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಕೆಲವರಿದ್ದಾರೆ. ಗಾಡಿ ಹೊರಡುವ ಮೊದಲು ಜಟಕಾದವನು ಹಿಂದಿರುಗಿ ನೋಡಿ, “ಸ್ವಲ್ಪ ಮುಂದಕ್ಕೆ ಬನ್ನಿ ಸ್ವಾಮಿ” ಎಂದೋ, “ತಾಯಿ, ತಾವು ಹಿಂದಕ್ಕೆ ಸರಿಯಿರಿ” ಎಂದೋ ಹೇಳದೆ ಲಗಾಮು ಅಲುಗಿಸುತ್ತಿರಲಿಲ್ಲ. ಭಾರ ಹಿಂದೆ ಹೆಚ್ಚಾದರೆ ಮೂಕಿ ಮೇಲೇಳುವುದು; ಮುಂದೆ ಹೆಚ್ಚಾದರೆ ಕುದುರೆಯ ಬೆನ್ನು ಕುಗ್ಗುವುದು. ಎತ್ತಿನ ಗಾಡಿಗೆ ಇಲ್ಲದ ಒಂದು ಸೌಕರ್ಯ ಜಟಕಾಕ್ಕೆ ಇತ್ತು. ಅಚ್ಚಿಗೂ ಪೆಟ್ಟಿಗೆಗೂ ನಡುವೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗು ಇರುತ್ತಿತ್ತು. ಇಂಗ್ಲೆಂಡಿನ ಒಬೇಡಿಯಾ ಎಲಿಯಟ್ ಎಂಬಾತ ೧೮೦೪ರಲ್ಲಿ ಕುದುರೆ ಗಾಡಿಗಳಿಗೆಂದು ಇಂಥ ಸ್ಪ್ರಿಂಗಿನ ಹಕ್ಕುಪತ್ರ ಪಡೆದ. ಭಾರವನ್ನು ಹಂಚುವುದು, ಕುಲುಕನ್ನು ನುಂಗುವುದು, ಈ ಎರಡು ಕೆಲಸಗಳನ್ನೇ ಇಂದಿನ ಮೋಟಾರು ಕಾರಿನ ಸಸ್ಪೆನ್ಷನ್ ಮಾಡುವುದು. ಕುದುರೆಯ ಬದಲು ಯಂತ್ರ ಬಂದಿತು. ಲೆಕ್ಕ ಮಾತ್ರ ಬದಲಾಗಲಿಲ್ಲ.

ಈ ಲೆಕ್ಕವನ್ನು ಮತ್ತೊಮ್ಮೆ ನೆನೆಯಬೇಕಾದ ಕಾಲ ಕೋಲಾರ ಜಿಲ್ಲೆಗೆ ಬಂದಿದೆ. ಬೆಂಗಳೂರಿಗೂ ಚೆನ್ನೈಗೂ ನಡುವೆ ಸುಮಾರು ೨೬೦ ಕಿಲೊಮೀಟರ್ ಉದ್ದದ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಯ ಕರ್ನಾಟಕದ ಭಾಗ ಹೊಸಕೋಟೆಯಿಂದ ಮಾಲೂರಿನ ಕಡೆಯಾಗಿ ಬೇತಮಂಗಲದತ್ತ ಹಾಯುತ್ತದೆ. ಸುಮಾರು ೭೧ ಕಿಲೊಮೀಟರುಗಳ ಈ ಭಾಗದಲ್ಲಿ ೨೦೨೪ರ ಡಿಸೆಂಬರಿನಿಂದ ವಾಹನಗಳು ಓಡತೊಡಗಿದವು. ಗಂಟೆಗೆ ೧೨೦ ಕಿಲೊಮೀಟರ್ ವೇಗಕ್ಕೆಂದು ಲೆಕ್ಕಹಾಕಿ ಮಾಡಿದ ರಸ್ತೆ ಅದು. ಅದೇ ಜಿಲ್ಲೆಯಲ್ಲಿ, ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನಿಂದ ಟೊಮ್ಯಾಟೊ ಕ್ರೇಟುಗಳನ್ನು ಹೇರಿಕೊಂಡು ಕೋಲಾರದ ಮಾರುಕಟ್ಟೆಗೆ ಬರುವ ದಾರಿಗಳೂ ಇವೆ. ಅಲ್ಲಿ ಹಳ್ಳಿಗೊಂದು ಹಂಪು, ಮಳೆಗಾಲಕ್ಕೊಂದು ಹೊಸ ಗುಂಡಿ. ಒಂದೇ ಕಾರು ಒಂದೇ ದಿನ ಈ ಎರಡು ರಸ್ತೆಗಳಲ್ಲಿಯೂ ಓಡಬೇಕಾಗುವುದು ಇಲ್ಲಿನ ವಿಶೇಷ.

ಹೀಗಿರಲು, ಎರಡೇ ಆಸನಗಳ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡ ತರುಣನು ಕೋಲಾರದ ಗ್ಯಾರೇಜಿಗೆ ಬರುತ್ತಾನೆಂದು ಭಾವಿಸೋಣ. ಅವನ ಬಯಕೆಯನ್ನು ಊಹಿಸುವುದು ಕಷ್ಟವಲ್ಲ.

“ಗಾಡಿ ಒಂದೂವರೆ ಅಂಗುಲ ಕೆಳಗಿಳಿಯಬೇಕು ಮೇಸ್ತ್ರಿಗಳೇ. ತಿರುವಿನಲ್ಲಿ ವಾಲಬಾರದು. ಸ್ಪ್ರಿಂಗು ಕಲ್ಲಿನ ಹಾಗೆ ಇರಬೇಕು.”

“ದಿನಾ ಯಾವ ದಾರಿಯಲ್ಲಿ ಓಡಿಸ್ತೀಯಪ್ಪ?”

“ದಿನಾ ಊರಿನಿಂದ ಇಲ್ಲಿಗೆ. ವಾರಕ್ಕೊಮ್ಮೆ ಬೆಂಗಳೂರಿಗೆ.”

“ಹಾಗಾದರೆ ಆರು ದಿನ ಕಲ್ಲಿನ ಮೇಲೆ ಕೂತ್ಕೊಂಡು, ಒಂದು ದಿನ ರೇಸು ಓಡಿಸಬೇಕು ಅಂತೀಯ!”

ಮೇಸ್ತ್ರಿಯ ಮಾತು ಹಾಸ್ಯದಂತೆ ಕಂಡರೂ ಅದರಲ್ಲಿ ಶಾಸ್ತ್ರವೇ ಅಡಗಿದೆ. ಗಡಸಾದ ಕಾರು ಒಳ್ಳೆಯ ಹಿಡಿತದ ಕಾರು ಎಂಬ ನಂಬಿಕೆ ಬಹಳ ಮಂದಿಯಲ್ಲಿ ಬೇರೂರಿದೆ. ರಸ್ತೆಯನ್ನು ಹಿಡಿಯುವುದು ಸ್ಪ್ರಿಂಗು ಅಲ್ಲ, ಟಯರು. ಒಂದೊಂದು ಟಯರು ನೆಲಕ್ಕೆ ತಗಲುವ ಜಾಗ ಹೆಚ್ಚುಕಡಮೆ ಒಂದು ಅಂಗೈಯಷ್ಟು. ಆ ನಾಲ್ಕು ಅಂಗೈಗಳು ನೆಲವನ್ನು ಬಿಡದಂತೆ ನೋಡಿಕೊಳ್ಳುವುದೇ ಸಸ್ಪೆನ್ಷನ್ನಿನ ಧರ್ಮ. ಗಾಲಿ ಗಾಳಿಯಲ್ಲಿದ್ದಷ್ಟು ಹೊತ್ತು ಬ್ರೇಕಿಗೂ ಬೆಲೆಯಿಲ್ಲ, ಸ್ಟೀರಿಂಗಿಗೂ ಬೆಲೆಯಿಲ್ಲ.

ಸ್ಪ್ರಿಂಗು ಮಾಡುವುದು ಭಾರವನ್ನು ಹೊರುವ ಕೆಲಸ. ಸಾಧಾರಣ ಕಾರಿನ ಮೈ ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ತೂಗಾಡುವಂತೆ ತಯಾರಕರು ಏರ್ಪಡಿಸಿರುತ್ತಾರೆ. ನಿಧಾನವಾಗಿ ನಡೆಯುವ ಮನುಷ್ಯನ ಲಯಕ್ಕೆ ಇದು ಹತ್ತಿರವಾದುದರಿಂದ ದೇಹಕ್ಕೆ ಹಿತ. ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಅದುರಾಟವಾದರೋ ಮನುಷ್ಯನಿಗೆ ಅತ್ಯಂತ ಅಹಿತವಾದುದು. ಸ್ಪೋರ್ಟ್ಸ್ ಕಾರುಗಳಲ್ಲಿ ಈ ತೂಗಾಟ ಒಂದೂವರೆಯಿಂದ ಎರಡರವರೆಗೆ ಇರುವುದುಂಟು. ಒಂದೂವರೆಯನ್ನು ಎರಡಕ್ಕೆ ಏರಿಸುವುದು ಅಲ್ಪ ಸಂಗತಿಯೆಂದು ತೋರಬಹುದು. ಆದರೆ ಅಷ್ಟಕ್ಕೇ ಸ್ಪ್ರಿಂಗಿನ ಗಡಸು ಸುಮಾರು ಒಂದೂ ಮುಕ್ಕಾಲು ಪಟ್ಟು ಹೆಚ್ಚಬೇಕಾಗುತ್ತದೆ.

ಸ್ಪ್ರಿಂಗಿಗೆ ಒಂದು ದುರ್ಗುಣವೂ ಉಂಟು. ನುಂಗಿದ್ದನ್ನು ಅದು ಇಟ್ಟುಕೊಳ್ಳಲಾರದು, ಕೂಡಲೇ ಹಿಂದಿರುಗಿಸುತ್ತದೆ. ಅದನ್ನು ಅಂಕೆಯಲ್ಲಿಡುವುದಕ್ಕೆ ಶಾಕ್ ಅಬ್ಸಾರ್ಬರು ಇದೆ. ಹೆಸರು ಕೇಳಿ ಇದೇ ಕುಲುಕನ್ನು ಹೀರುತ್ತದೆಂದು ಜನ ತಿಳಿಯುತ್ತಾರೆ. ವಾಸ್ತವವಾಗಿ ಕುಲುಕನ್ನು ನುಂಗುವುದು ಸ್ಪ್ರಿಂಗು. ಅದು ಮತ್ತೆ ಮತ್ತೆ ಕುಣಿಯದಂತೆ ತಡೆಯುವುದು ಶಾಕ್ ಅಬ್ಸಾರ್ಬರು. ಅದರ ಕೊಳವೆಯೊಳಗೆ ಎಣ್ಣೆಯು ಸಣ್ಣ ಕಂಡಿಗಳ ಮೂಲಕ ನುಗ್ಗಬೇಕಾಗಿ, ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಆರಿಹೋಗುತ್ತದೆ. ಗಡಸು ಸ್ಪ್ರಿಂಗು ಹಾಕಿ ಹಳೆಯ ಶಾಕ್ ಅಬ್ಸಾರ್ಬರನ್ನೇ ಉಳಿಸಿದರೆ, ಬಲಿಷ್ಠ ಹೋರಿಗೆ ಕರುವಿನ ಹಗ್ಗ ಕಟ್ಟಿದಂತೆ. ಮೇಲೆ ಹೇಳಿದ ಬದಲಾವಣೆಗೆ ಶಾಕ್ ಅಬ್ಸಾರ್ಬರಿನ ಬಿಗಿಯೂ ಮೂರರಲ್ಲೊಂದು ಪಾಲಿನಷ್ಟು ಹೆಚ್ಚಬೇಕು. ಇಲ್ಲವಾದರೆ ಕಾರು ಹಿಂದಿಗಿಂತಲೂ ಹೆಚ್ಚು ಕುಣಿಯುತ್ತದೆ.

ಗಡಸು ಮಾಡಿದ ಕಾರು ತಿರುವಿನಲ್ಲಿ ಕಡಮೆ ವಾಲುವುದು ನಿಜ. ಅಷ್ಟರಿಂದಲೇ ಅದು ಕ್ಷೇಮವೆಂದು ಭಾವಿಸಬಾರದು. ತಿರುವಿನಲ್ಲಿ ಒಳಬದಿಯ ಗಾಲಿಗಳಿಂದ ಹೊರಬದಿಯ ಗಾಲಿಗಳಿಗೆ ಎಷ್ಟು ಭಾರ ದಾಟಬೇಕೆಂಬುದನ್ನು ವೇಗ, ತಿರುವಿನ ಬಿಗಿ, ಕಾರಿನ ಭಾರಕೇಂದ್ರದ ಎತ್ತರ ಮತ್ತು ಎಡಬಲ ಗಾಲಿಗಳ ನಡುವಿನ ಅಂತರ ನಿರ್ಧರಿಸುತ್ತವೆ. ಸ್ಪ್ರಿಂಗಿನ ಗಡಸಿನಿಂದ ಆ ಮೊತ್ತ ಬಹುಮಟ್ಟಿಗೆ ಬದಲಾಗದು. ಮುಂದೆ ಎಷ್ಟು, ಹಿಂದೆ ಎಷ್ಟು ಎಂಬ ಹಂಚಿಕೆ ಮಾತ್ರ ಬದಲಾಗುವುದು. ಮುಂದಿನದನ್ನು ಅತಿ ಗಡಸು ಮಾಡಿದರೆ ಸ್ಟೀರಿಂಗು ತಿರುಗಿಸಿದರೂ ಕಾರು ನೇರಕ್ಕೆ ಎಳೆಯುತ್ತದೆ. ಹಿಂದಿನದನ್ನು ಅತಿ ಗಡಸು ಮಾಡಿದರೆ ಹಿಂಭಾಗ ಜಾರಿ ಮುಂದೆ ಬರಲು ನೋಡುತ್ತದೆ. ಜಟಕಾದವನ “ಮುಂದಕ್ಕೆ ಬನ್ನಿ, ಹಿಂದಕ್ಕೆ ಸರಿಯಿರಿ” ಎಂಬ ಮಾತಿನ ಅರ್ಥ ಇಲ್ಲಿ ವಿಶದವಾಗುವುದು.

ಹಣ ಉಳಿಸಲೆಂದು ಸುರುಳಿ ಸ್ಪ್ರಿಂಗಿನ ಒಂದು ಸುತ್ತನ್ನೇ ಕತ್ತರಿಸುವ ಪದ್ಧತಿಯೊಂದಿದೆ. ಇದು ಎಲ್ಲಕ್ಕಿಂತ ಅಪಾಯದ್ದು. ಆರು ಸುತ್ತಿನಲ್ಲಿ ಒಂದು ಹೋದರೆ ಉಳಿದ ಐದು ಸುತ್ತಿನ ಸ್ಪ್ರಿಂಗು ಐದರಲ್ಲೊಂದು ಪಾಲಿನಷ್ಟು ಹೆಚ್ಚು ಗಡಸಾಗುತ್ತದೆ. ಕಾರು ಕೆಳಗಿಳಿದಷ್ಟೂ ಗಾಲಿ ಮೇಲೇರಲು ಉಳಿದ ಅವಕಾಶ ಕಡಮೆಯಾಗುತ್ತದೆ. ಅವಕಾಶ ಮುಗಿದೊಡನೆ ಗಾಲಿಯ ತೋಳು ರಬ್ಬರಿನ ತಡೆಗೆ ಬಡಿದು, ಆ ಗಳಿಗೆಗೆ ಸಸ್ಪೆನ್ಷನ್ನೇ ಇಲ್ಲದಂತಾಗುತ್ತದೆ. ತಿರುವಿನ ನಡುವೆ ಹೀಗಾದರೆ ಹಿಡಿತ ತಟ್ಟನೆ ತಪ್ಪುವುದು. ಅಲ್ಲದೆ, ಗಾಲಿ ಗುಂಡಿಗೆ ಇಳಿದಾಗ ಕತ್ತರಿಸಿದ ಸ್ಪ್ರಿಂಗು ತನ್ನ ಪೀಠದಿಂದಲೇ ಜಾರಿಬಿಡುವ ಸಂಭವವೂ ಉಂಟು.

ಮೃದುವಾದುದೆಲ್ಲ ದುರ್ಬಲವಲ್ಲ ಎಂಬುದಕ್ಕೆ ಮೋಟಾರು ಚರಿತ್ರೆಯಲ್ಲಿಯೇ ನಿದರ್ಶನಗಳಿವೆ. ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆ ೧೯೪೮ರಲ್ಲಿ ತನ್ನ ೨ಸಿವಿ ಕಾರನ್ನು ಜನರ ಮುಂದಿಟ್ಟಿತು. ಮೊಟ್ಟೆಯ ಬುಟ್ಟಿಯೊಂದಿಗೆ ಉತ್ತ ಹೊಲವನ್ನು ದಾಟಿದರೂ ಒಂದು ಮೊಟ್ಟೆಯೂ ಒಡೆಯಬಾರದೆಂಬುದು ಅದರ ರಚನೆಗೆ ವಿಧಿಸಿದ ನಿಯಮವೆಂದು ಪ್ರತೀತಿ. ಕೋಲಾರದವರು ಮೊಟ್ಟೆಯ ಬದಲು ಹಣ್ಣಾದ ಟೊಮ್ಯಾಟೊ ಎಂದುಕೊಂಡರೆ ಸಾಕು. ಅದು ರೈತನ ಕಾರಾಯಿತು. ಸ್ಪೋರ್ಟ್ಸ್ ಕಾರಿನ ಮಾತೇನು ಎನ್ನಬಹುದು. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ೧೯೬೨ರಲ್ಲಿ ಲೋಟಸ್ ಎಲಾನ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರನ್ನು ಹೊರತಂದ. ಅದರ ತೂಕ ಸುಮಾರು ೭೦೦ ಕಿಲೊಗ್ರಾಂ. ಅದರ ಸ್ಪ್ರಿಂಗುಗಳು ಮೃದು; ಗಾಲಿ ಚಲಿಸಲು ಧಾರಾಳ ಅವಕಾಶ; ಆ ಚಲನೆಯನ್ನು ಹದದಲ್ಲಿಡುವ ಶಾಕ್ ಅಬ್ಸಾರ್ಬರುಗಳು. ಆ ಕಾಲದ ಗಡಸು ಕಾರುಗಳನ್ನು ಅದು ತಿರುವುಗಳಲ್ಲಿ ನಾಚಿಸಿತು. ಮೂರು ದಶಕಗಳು ಕಳೆಯುವ ಹೊತ್ತಿಗೆ, ೧೯೮೯ರಲ್ಲಿ, ಜಪಾನಿನ ಮಾಜ್ದಾ ಸಂಸ್ಥೆ ತನ್ನ ಎರಡಾಸನದ ಎಂಎಕ್ಸ್–೫ ಕಾರನ್ನು ರಚಿಸಿದಾಗ ಸ್ಫೂರ್ತಿಗೆಂದು ನೋಡಿದುದು ಇಂಥ ಹಳೆಯ ಹಗುರ ಕಾರುಗಳ ಕಡೆಗೇ.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಡಕಾರ್ ರ‍್ಯಾಲಿಯನ್ನು ೨೦೧೫ರಲ್ಲಿ ೩೬ನೆಯವರಾಗಿ ಮುಗಿಸಿ, ಆ ಸಾಧನೆ ಮಾಡಿದ ಮೊದಲ ಭಾರತೀಯರೆನಿಸಿದ ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು ಮಣ್ಣಿನ ಹಾದಿಯ ಸವಾರಿ ಕಲಿಸಲು ಬಿಗ್‌ರಾಕ್ ಡರ್ಟ್‌ಪಾರ್ಕನ್ನು ಕಟ್ಟಿದುದು ಕೋಲಾರದ ನೆಲದಲ್ಲಿಯೇ. ಡಕಾರಿನಂಥ ಸ್ಪರ್ಧೆಯ ಮೋಟಾರು ಸೈಕಲ್ಲಿನಲ್ಲಿ ಗಾಲಿಗೆ ಸುಮಾರು ೩೦೦ ಮಿಲಿಮೀಟರ್ ಮೇಲೆ ಕೆಳಗೆ ಚಲಿಸುವ ಅವಕಾಶವಿರುತ್ತದೆ. ನಯವಾದ ಪಂದ್ಯದ ಹಾದಿಯಲ್ಲಿ ಓಡುವ ಕಾರಿಗೆ ಇದರ ಸಣ್ಣ ಪಾಲೂ ಬೇಕಿಲ್ಲ. ಎರಡೂ ವೇಗದ ವಾಹನಗಳೇ. ಎರಡರಲ್ಲಿಯೂ ಗಾಲಿ ನೆಲದಲ್ಲಿರಬೇಕೆಂಬುದೇ ಗುರಿ. ದಾರಿ ಬೇರೆಯಾದುದರಿಂದ ಉಪಾಯ ಬೇರೆಯಾಯಿತು, ಅಷ್ಟೆ.

ಹಂಪುಗಳ ಮಾತನ್ನು ಮರೆಯುವಂತಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಹಂಪು ೩.೭ ಮೀಟರ್ ಅಗಲ, ೧೦ ಸೆಂಟಿಮೀಟರ್ ಎತ್ತರದ ಬಾಗಿದ ದಿಬ್ಬವಾಗಿರಬೇಕು. ಗಂಟೆಗೆ ೨೫ ಕಿಲೊಮೀಟರ್ ವೇಗದಲ್ಲಿ ಅದನ್ನು ದಾಟುವಂತಿರಬೇಕು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ೨.೪ ಮೀಟರ್ ದೂರವಿರುವ ಕಾರು ಇಂಥ ಹಂಪಿನ ನೆತ್ತಿಯಲ್ಲಿ ನಿಂತರೆ, ಗಾಲಿಗಳ ನಡುವೆ ದಿಬ್ಬ ಮೇಲೇಳುವುದು ನಾಲ್ಕು ಸೆಂಟಿಮೀಟರಿಗೆ ತುಸು ಹೆಚ್ಚು ಮಾತ್ರ. ನೆಲದಿಂದ ೧೨ ಸೆಂಟಿಮೀಟರ್ ಎತ್ತರವಿರುವ ಸ್ಪೋರ್ಟ್ಸ್ ಕಾರೂ ನಿಧಾನವಾಗಿ ಸುಖವಾಗಿ ದಾಟಬಲ್ಲದು. ಆದರೆ ಊರ ಬಾಗಿಲಲ್ಲಿ ಒಂದು ಗೇಣು ಅಗಲಕ್ಕೆ ಗೋಡೆಯಂತೆ ಎಬ್ಬಿಸಿದ ಹಂಪಿಗೆ ಈ ಲೆಕ್ಕ ಅನ್ವಯಿಸದು. ಒಂದೂವರೆ ಅಂಗುಲ ಇಳಿಸಿದ ಕಾರಿನ ಹೊಟ್ಟೆ ಮೊದಲು ಉಜ್ಜುವುದು ಅಲ್ಲಿಯೇ.

ಇದೆಲ್ಲ ಸುಖದ ಪ್ರಶ್ನೆ ಮಾತ್ರವಾಗಿದ್ದರೆ ತರುಣನ ಇಷ್ಟಕ್ಕೇ ಬಿಡಬಹುದಾಗಿತ್ತು. ಶಾಕ್ ಅಬ್ಸಾರ್ಬರು ಸವೆದ ಕಾರಿನಲ್ಲಿ ಒರಟು ರಸ್ತೆಯ ಮೇಲೆ ಬ್ರೇಕು ಒತ್ತಿದಾಗ ಗಾಲಿ ಪುಟಿಯುತ್ತದೆ; ಪುಟಿದಷ್ಟೂ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಗಂಟೆಗೆ ೮೦ ಕಿಲೊಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ ೨೨ ಮೀಟರ್ ಓಡುತ್ತದೆ. ಮುಳಬಾಗಿಲಿನ ಕಡೆಯ ಹಳ್ಳಿಯೊಂದರ ಮುಂದೆ ಶಾಲೆ ಬಿಟ್ಟ ಮಗುವೊಂದು ರಸ್ತೆಗಿಳಿದಾಗ, ಮೂರು ನಾಲ್ಕು ಮೀಟರುಗಳ ಅಂತರಕ್ಕೆ ಏನು ಬೆಲೆಯೆಂದು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಕಾರನ್ನು ಸುಧಾರಿಸುವುದೇ ತಪ್ಪೆ? ಖಂಡಿತ ಅಲ್ಲ. ಕ್ರಮ ತಪ್ಪಬಾರದು, ಅಷ್ಟೆ. ಮೊದಲು ಟಯರು: ಅದರ ವಯಸ್ಸು, ಸವೆತ, ತಣ್ಣಗಿದ್ದಾಗಿನ ಗಾಳಿಯ ಒತ್ತಡ. ಅನಂತರ ಗಾಲಿಯ ತೋಳುಗಳ ರಬ್ಬರು ಬುಷ್‌ಗಳು ಮತ್ತು ಕೀಲುಗಳು. ಹಳೆಯ ಕಾರಿನಲ್ಲಿ ಅರ್ಧ ದೋಷ ಇಲ್ಲಿಯೇ ಸಿಕ್ಕುವುದು. ಮೂರನೆಯದಾಗಿ ಶಾಕ್ ಅಬ್ಸಾರ್ಬರು. ಕಾರಿನ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟಾಗ ಅದು ಒಮ್ಮೆ ಎದ್ದು ಸುಮ್ಮನಾಗಬೇಕು. ಮತ್ತೆ ಮತ್ತೆ ತೂಗಿದರೆ, ಅಥವಾ ಕೊಳವೆಯ ಮೇಲೆ ಎಣ್ಣೆ ಸೋರಿದ್ದರೆ, ಅದರ ಆಯುಸ್ಸು ತೀರಿತೆಂದು ತಿಳಿಯಬೇಕು. ಬದಲಾಯಿಸುವಾಗ ಎಡಬಲ ಎರಡನ್ನೂ ಒಟ್ಟಿಗೆ ಬದಲಾಯಿಸತಕ್ಕದ್ದು. ಇಷ್ಟಾದ ಮೇಲೂ ತೃಪ್ತಿಯಾಗದಿದ್ದರೆ, ಆ ಕಾರಿಗೆಂದೇ ಒಂದಕ್ಕೊಂದು ಹೊಂದುವಂತೆ ಮಾಡಿದ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳ ಜೋಡಿ. ವಾಲುವುದನ್ನು ತಡೆಯುವ ಅಡ್ಡ ಸರಳಿನ ಯೋಚನೆ ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಸಲವೂ ಅದೇ ರಸ್ತೆಯಲ್ಲಿ ಓಡಿಸಿ ನೋಡುವುದು. ಕೆಲಸ ಮುಗಿದ ಮೇಲೆ ಗಾಲಿಗಳ ನೇರವನ್ನು ಅಳೆಸುವುದು.

ಕಾನೂನಿನ ಮಾತೂ ಉಂಟು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಕೂಡದೆಂದು ವಿಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವೂ ೨೦೧೯ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಆದುದರಿಂದ ಸವೆದುದನ್ನು ಹೊಸದು ಮಾಡುವುದಕ್ಕೂ ಕಾರಿನ ರೂಪವನ್ನೇ ಬದಲಿಸುವುದಕ್ಕೂ ಇರುವ ಅಂತರವನ್ನು ಸಾರಿಗೆ ಕಛೇರಿಯಲ್ಲಿಯೂ ವಿಮಾ ಸಂಸ್ಥೆಯಲ್ಲಿಯೂ ಮೊದಲೇ ವಿಚಾರಿಸಿಕೊಳ್ಳುವುದು ಜಾಣತನ.

ಗ್ಯಾರೇಜಿನ ತರುಣನು ಈ ಕ್ರಮವನ್ನು ಒಪ್ಪಿದನೆಂದು ಇಟ್ಟುಕೊಳ್ಳೋಣ. ಬುಷ್‌ಗಳು ಹೊಸವಾದವು, ನಾಲ್ಕು ಶಾಕ್ ಅಬ್ಸಾರ್ಬರುಗಳು ಬಂದವು, ಟಯರಿನ ಗಾಳಿ ಸರಿಹೋಯಿತು. ಸ್ಪ್ರಿಂಗು ಮಾತ್ರ ಹಳೆಯದೇ ಉಳಿಯಿತು. ಒಂದು ಸುತ್ತು ಹೋಗಿಬಂದವನು ಬಾಗಿಲು ತೆರೆಯುತ್ತಲೇ ಕೇಳಿದ:

“ಗಾಡಿ ಇಳಿದೇ ಇಲ್ಲ. ಆದರೂ ತಿರುವಿನಲ್ಲಿ ಹಿಡಿದ ಹಾಗೆ ಇದೆಯಲ್ಲ ಮೇಸ್ತ್ರಿಗಳೇ?”

ಮೇಸ್ತ್ರಿ ಕೈಯ ಗ್ರೀಸು ಒರಸಿಕೊಳ್ಳುತ್ತ ಹೇಳಿದ: “ಗಾಡಿ ಇಳಿಯೋದು ಬೇಡಪ್ಪ. ಗಾಲಿ ಏಳದೆ ಇದ್ದರೆ ಸಾಕು.”