ಮನೆಯೊಳಗೆ ಪುಟ್ಟ ಕಡಲು: ಟ್ಯಾಂಕ್ ತರುವ ಮುಂಚೆ ಕಾನೂನು, ಕರೆಂಟು ಎರಡೂ ನೋಡಿ

ಗಪ್ಪಿ, ಗೋಲ್ಡ್ ಫಿಶ್ ಸಾಕುತ್ತಿದ್ದ ಮನೆಗಳಲ್ಲಿ ಈಗ ಉಪ್ಪುನೀರಿನ ಆಸೆ ಹುಟ್ಟಿದೆ. ಮೊಬೈಲ್‌ನಲ್ಲಿ ನೀಲಿ ಲೈಟಿನ ಕೆಳಗೆ ಹೊಳೆಯುವ ಹವಳ, ಅದರ ನಡುವೆ ಕಿತ್ತಳೆ ಬಣ್ಣದ ಕ್ಲೌನ್ ಮೀನು ನೋಡಿದ ಮಕ್ಕಳು ಅಕ್ವೇರಿಯಂ ಅಂಗಡಿಗೆ ಹೋಗಿ ಕೇಳುವುದು ಒಂದೇ: "ನೀಮೋ ಇದ್ಯಾ ಅಣ್ಣಾ?" ಮೂವತ್ತು-ನಲವತ್ತು ಲೀಟರಿನ ಪುಟ್ಟ ಟ್ಯಾಂಕಿಗೆ 'ನ್ಯಾನೋ ರೀಫ್' ಅಂತ ಹೆಸರು. ಮೇಜಿನ ಮೂಲೆಯಲ್ಲಿ ಕೂರುತ್ತದೆ, ಜಾಗ ತಿನ್ನುವುದಿಲ್ಲ. ಆದರೆ ಟ್ಯಾಂಕ್ ಚಿಕ್ಕದಾದಷ್ಟೂ ಕೆಲಸ ಕಡಿಮೆ ಅಂದುಕೊಂಡರೆ ಅಲ್ಲೇ ಮೊದಲ ಪೆಟ್ಟು.

ಲೆಕ್ಕ ಹಾಕಿ ನೋಡಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂಶ ಇರುತ್ತದೆ. 40 ಲೀಟರ್ ಟ್ಯಾಂಕಿನಲ್ಲಿ 1,400 ಗ್ರಾಂ ಆಯಿತು. ಬೇಸಿಗೆಯಲ್ಲಿ ದಿನಕ್ಕೆ ಒಂದು ಲೀಟರ್ ಆವಿಯಾಗಿ ಹೋಯಿತು ಅಂತಿಟ್ಟುಕೊಳ್ಳಿ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ನಾಲ್ಕು ದಿನ ಮದುವೆ ಮನೆಗೆ ಹೋಗಿ ಬರುವಷ್ಟರಲ್ಲಿ 35 ಇದ್ದದ್ದು 39ರ ಹತ್ತಿರ ಮುಟ್ಟುತ್ತದೆ. ನಾನೂರು ಲೀಟರಿನ ಟ್ಯಾಂಕ್ ಆಗಿದ್ದರೆ ಅದೇ ನಾಲ್ಕು ಲೀಟರ್ ಲೆಕ್ಕಕ್ಕೇ ಇಲ್ಲ. ಅದಕ್ಕೇ ಪುಟ್ಟ ಟ್ಯಾಂಕಿಗೆ ದಿನವೂ ಸಿಹಿನೀರು ತುಂಬಿಸಬೇಕು. ಉಪ್ಪುನೀರು ತುಂಬಿಸಿದರೆ ಉಪ್ಪು ಇನ್ನಷ್ಟು ಏರುತ್ತದೆ.

ಕರಾವಳಿಯವರ ಪ್ರಶ್ನೆ ಬೇರೆಯೇ. ಮನೆ ಎದುರು ಸಮುದ್ರವೇ ಇದೆಯಲ್ಲ, ಉಪ್ಪು ಯಾಕೆ ಕೊಳ್ಳಬೇಕು? ಪ್ರಶ್ನೆ ಸರಿಯಾದದ್ದೇ. ಆದರೆ ಶರಾವತಿ, ಅಘನಾಶಿನಿ, ಕಾಳಿ ಸೇರುವ ಕಡೆ ಮಳೆಗಾಲದಲ್ಲಿ ಸಮುದ್ರದ ನೀರು ಅರ್ಧ ಹೊಳೆಯ ನೀರೇ ಆಗಿರುತ್ತದೆ, ಕೆಸರು ಬೇರೆ. ಬಂದರಿನ ಹತ್ತಿರ ಡೀಸೆಲ್ ಎಣ್ಣೆಯ ಪದರ. ತರುವುದೇ ಆದರೆ ಮಳೆ ಮುಗಿದು ನೀರು ತಿಳಿಯಾದ ಮೇಲೆ, ಹೊಳೆ ಬಾಯಿ ಮತ್ತು ಬಂದರಿನಿಂದ ದೂರದಲ್ಲಿ ತುಂಬಿಸಿ, ಸೋಸಿ, ಕತ್ತಲಲ್ಲಿ ಕೆಲವು ದಿನ ಇಟ್ಟು, ಉಪ್ಪಿನಂಶ ಅಳೆದು ಬಳಸಬೇಕು.

ಇನ್ನು ಕೆಲವರು ಸಾಣಿಕಟ್ಟಾ ಉಪ್ಪು ಕರಗಿಸಿದರೆ ಆಗಲ್ವಾ ಅಂತಾರೆ. ಆಗಲ್ಲ. ಉಪ್ಪಿನ ಆಗರದಲ್ಲಿ ನೀರು ಇಂಗುವಾಗ ಕ್ಯಾಲ್ಸಿಯಂ ಮೊದಲೇ ತಳಕ್ಕೆ ಕೂರುತ್ತದೆ, ಮೆಗ್ನೀಸಿಯಂ ಬಹುಪಾಲು ಕೊನೆಯ ಕಹಿ ನೀರಿನಲ್ಲಿ ಉಳಿದು ಹೊರಗೆ ಹೋಗುತ್ತದೆ. ನಮ್ಮ ಕೈಗೆ ಬರುವುದು ಊಟದ ಉಪ್ಪು, ಸಮುದ್ರವಲ್ಲ. ಹವಳ ತನ್ನ ಮೈ ಕಟ್ಟಿಕೊಳ್ಳುವುದೇ ಕ್ಯಾಲ್ಸಿಯಂನಿಂದ. ಹಾಗಾಗಿ ಅಕ್ವೇರಿಯಂಗೆಂದೇ ಮಾಡಿದ ಉಪ್ಪಿನ ಮಿಶ್ರಣವೇ ಬೇಕು. ವಾರಕ್ಕೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸಿದರೆ 40 ಲೀಟರಿಗೆ ವಾರಕ್ಕೆ 140 ಗ್ರಾಂ, ವರ್ಷಕ್ಕೆ ಏಳು ಕೆ.ಜಿ. ಮೇಲೆ ಸ್ವಲ್ಪ. ಅದನ್ನು ಕಲಸುವ ನೀರು ಬಾವಿಯದ್ದೂ ನಲ್ಲಿಯದ್ದೂ ಆಗಬಾರದು. ಮನೆಯ ಕುಡಿಯುವ ನೀರಿನ ಆರ್‌ಒ ಯಂತ್ರದ್ದೂ ಸಾಲದು, ಅದರಲ್ಲಿ ಖನಿಜ ಉಳಿದಿರುತ್ತದೆ. ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು.

ಅಂಗಡಿಯವರು ಗಮನಿಸಬೇಕಾದ ವಿಷಯ ಇದು: ಟ್ಯಾಂಕ್ ಮತ್ತು ಮೀನು ಒಂದೇ ದಿನ ಮಾರುವುದು. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲು-ಮರಳಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಖಾಲಿ ನೀರು ಓಡಿಸುತ್ತಾ ಕೂರುವ ತಾಳ್ಮೆ ಗಿರಾಕಿಗೂ ಇಲ್ಲ, ಗಲ್ಲಾಪೆಟ್ಟಿಗೆಗೂ ಇಲ್ಲ. ಮೂರನೇ ದಿನಕ್ಕೆ ಮೀನು ಸತ್ತರೆ ಆ ಗಿರಾಕಿ ಮತ್ತೆ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. 'ಡೋರಿ' ಕೇಳುವವರಿಗೂ ಇಲ್ಲ ಅನ್ನುವುದೇ ಒಳ್ಳೆಯದು. ಆ ನೀಲಿ ಮೀನು ಒಂದು ಅಡಿವರೆಗೂ ಬೆಳೆಯುತ್ತದೆ. ನಲವತ್ತು ಲೀಟರಿಗೆ ಒಂದು ಜೋಡಿ ಕ್ಲೌನ್ ಮೀನೇ ಹೆಚ್ಚು.

ಈಗ ಎಲ್ಲಕ್ಕಿಂತ ದೊಡ್ಡ ಮಾತು. ಬಂಡೆ ಕಟ್ಟುವ ಗಟ್ಟಿ ಹವಳದ ಎಲ್ಲ ಜಾತಿಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಂದರೆ ಹುಲಿ, ಆನೆ ಇರುವ ಪಟ್ಟಿ. ಕಪ್ಪು ಹವಳ, ಸಮುದ್ರ ಬೀಸಣಿಗೆ, ಕಡಲಕುದುರೆ, ಕಡಲ ಸೌತೆ ಕೂಡ ಅಲ್ಲೇ ಇವೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಈ ಪಟ್ಟಿಯ ಜೀವಿಗಳ ವಿಷಯದಲ್ಲಿ ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ. "ಇದು ಫಾರಿನ್ ಮಾಲು, ಬಿಲ್ ಇದೆ" ಅನ್ನುವ ಮಾತನ್ನು ನಂಬಿ ಕೂರಬೇಡಿ. ಪಟ್ಟಿಯಲ್ಲಿರುವುದು ಜೀವಿಯ ಹೆಸರು, ಊರಿನ ಹೆಸರಲ್ಲ.

ಸತ್ತ ಹವಳದ ತುಂಡಿಗೂ ಇದೇ ಭಯ. ಟ್ಯಾಂಕಿನಲ್ಲಿ ಅಲಂಕಾರಕ್ಕೆ ಇಡುವ ಬಿಳಿ ಹವಳ, 'ಲೈವ್ ರಾಕ್' ಹೆಸರಲ್ಲಿ ಬರುವ ಹವಳದ ಕಲ್ಲು ಎರಡೂ ಬೇಡ. ಕೈಯಲ್ಲಿ ಮಾಡಿದ ಸಿಮೆಂಟ್ ಅಥವಾ ಸೆರಾಮಿಕ್ ಕಲ್ಲು ಸಿಗುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೂ ಮನೆಯೇ. ಮಾತು ಬಂತು ಅಂತ ಇನ್ನೊಂದು: ಯಾತ್ರಾಸ್ಥಳಗಳಲ್ಲಿ ವಾಸ್ತುದೋಷಕ್ಕೆಂದು ಕಟ್ಟು ಹಾಕಿಸಿ ಮಾರುವ 'ಇಂದ್ರಜಾಲ' ಯಾವುದೋ ಕಾಡಿನ ಬೇರಲ್ಲ. ಅದು ಸಮುದ್ರ ಬೀಸಣಿಗೆ ಇಲ್ಲವೇ ಕಪ್ಪು ಹವಳ. ಗೊತ್ತಿಲ್ಲದೆ ಇಟ್ಟುಕೊಂಡಿರುವ ಅಂಗಡಿಯವರು ಈಗಲೇ ಹಿಂದೆ ಸರಿಯುವುದು ಲೇಸು.

ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಗೆ ಸ್ಕೂಬಾ ಡೈವಿಂಗ್‌ಗೆ ಹೋದವರು ಅಲ್ಲಿಂದ ಒಂದು ಚೂರೂ ತರಬಾರದು ಎಂಬುದಕ್ಕೂ ಇದೇ ಕಾರಣ. ಹವಳಕ್ಕೆ ಅದರದೇ ಕಷ್ಟ ಸಾಕಷ್ಟಿದೆ. ನೀರು ಮಾಮೂಲಿಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ನಿಂತರೆ ಒಳಗಿನ ಪಾಚಿಯನ್ನು ಹೊರಗೆ ಹಾಕಿ ಬಿಳಿಚಿಕೊಳ್ಳುತ್ತದೆ. 2024ರಲ್ಲಿ ಲಕ್ಷದ್ವೀಪದ ಹವಳಕ್ಕೆ ಆದದ್ದು ಅದೇ.

ಹಾಗಾದರೆ ಇಡಬಹುದಾದದ್ದು ಏನು? ಹ್ಯಾಚರಿಯಲ್ಲಿ ಮರಿಯಾದ ಕ್ಲೌನ್ ಮೀನು. ಇದನ್ನು ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಮುದ್ರ ಮೀನು ಸಂಶೋಧನಾ ಸಂಸ್ಥೆಯವರು ಸಾಧಿಸಿದ್ದಾರೆ. ಸಂಸ್ಥೆಯ ಕೇಂದ್ರ ಕಾರವಾರದಲ್ಲೂ ಇದೆ, ಸಂಶಯವಿದ್ದವರು ಹೋಗಿ ವಿಚಾರಿಸಬಹುದು. ಹ್ಯಾಚರಿ ಮೀನು ಡಬ್ಬಿಯ ಕಾಳು ತಿಂದು ಬೆಳೆದಿರುತ್ತದೆ, ಬಲೆಯಲ್ಲಿ ಹಿಡಿದು ತಂದದ್ದು ಎಷ್ಟೋ ಸಲ ಬಾಯೇ ಹಾಕುವುದಿಲ್ಲ. ಬಟನ್ ಪಾಲಿಪ್ ಅಂತ ಕರೆಯುವ ಜೋಆಂತಿಡ್‌ಗಳು ಗಟ್ಟಿ ಹವಳವಲ್ಲ. ಆದರೆ ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಅಂಟಿದ ಕಲ್ಲನ್ನು ಕುದಿಸಿ ತೊಳೆಯಲು ಹೋಗಿ, ಹಬೆ ಕುಡಿದು ಆಸ್ಪತ್ರೆ ಸೇರಿದವರಿದ್ದಾರೆ. ಕೈಗವಸು ಇಲ್ಲದೆ ಮುಟ್ಟಬೇಡಿ, ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ.

ಉಳಿದದ್ದು ಕರೆಂಟು. ಟ್ಯಾಂಕಿನ ನೀರು 25-26 ಡಿಗ್ರಿ ಇರಬೇಕು. ಏಪ್ರಿಲ್-ಮೇನಲ್ಲಿ ಕುಮಟಾ, ಹೊನ್ನಾವರ, ಭಟ್ಕಳದ ಮನೆಯೊಳಗೇ ಅದಕ್ಕಿಂತ ಎಷ್ಟೋ ಹೆಚ್ಚು ಸೆಕೆ. ನೀರಿನ ಮೇಲೆ ಫ್ಯಾನ್ ಬಿಟ್ಟರೆ ತಣಿಯುತ್ತದೆ ಅನ್ನುವ ಉಪಾಯ ಒಣಹವೆಯ ಊರಿನದ್ದು. ನಮ್ಮ ಕರಾವಳಿಯ ಹಸಿ ಗಾಳಿಯಲ್ಲಿ ಅದು ಅರೆಬರೆ. ಚಿಲ್ಲರ್ ಹಾಕಿದರೆ ಟ್ಯಾಂಕಿಗಿಂತ ಅದರ ಬೆಲೆಯೇ ಜಾಸ್ತಿ. ಶಿರಸಿ, ಸಿದ್ದಾಪುರದವರಿಗೆ ಸೆಕೆಯ ಕಾಟ ಕಡಿಮೆ, ಚಳಿಗಾಲದ ರಾತ್ರಿಗೆ ಸಣ್ಣ ಹೀಟರ್ ಬೇಕಾಗಬಹುದು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಇಲ್ಲದಿದ್ದರೆ ಪಂಪ್ ನಿಂತು ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ. ಬ್ಯಾಟರಿಯ ಗುಳ್ಳೆ ಪಂಪ್ ಒಂದಾದರೂ ಮನೆಯಲ್ಲಿರಬೇಕು, ಇನ್ವರ್ಟರ್ ಇದ್ದರೆ ಮೊದಲು ಅದಕ್ಕೆ ಸೇರಿಸಬೇಕಾದ್ದು ನೀರು ತಿರುಗಿಸುವ ಮೋಟಾರು, ಲೈಟ್ ಅಲ್ಲ.

ಇಷ್ಟೆಲ್ಲ ಕೇಳಿಯೂ ಶುರು ಮಾಡುವವರು ಅಕ್ಟೋಬರ್‌ವರೆಗೆ ಕಾಯಲಿ. ಮಳೆ ಮುಗಿದು, ಕರೆಂಟ್ ಒಂದು ಹದಕ್ಕೆ ಬಂದಿರುತ್ತದೆ. ಟ್ಯಾಂಕ್ ಹದವಾಗಲು, ಸೆಕೆ ಏರುವ ಮುಂಚೆ ಕೈ ಪಳಗಲು ನಾಲ್ಕೈದು ತಿಂಗಳು ಸಿಗುತ್ತದೆ.