ಗೋದಲಿಯ ಮುಂದೆ ನಿಲ್ಲುವ ಮುನ್ನ

ಡಿಸೆಂಬರಿನ ಮೊದಲ ವಾರ ಕಳೆಯುವಷ್ಟರಲ್ಲಿ ಕಚೇರಿಯ ಮಿತ್ರರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಈ ಸಲ ಕೇಕ್ ಯಾವಾಗ?" ಪ್ರೀತಿಯಿಂದ ಕೇಳುವ ಈ ಮಾತಿಗೆ ನನಗೆ ಬೇಸರವಿಲ್ಲ, ಪ್ರತಿವರ್ಷ ಸಂತೋಷದಿಂದಲೇ ಹಂಚುತ್ತ ಬಂದಿದ್ದೇನೆ. ಆದರೆ ದೆಹಲಿಯಲ್ಲಿ ಇಷ್ಟು ವರ್ಷ ಒಟ್ಟಿಗೆ ದುಡಿದ ಮೇಲೂ ನಮ್ಮ ಹಬ್ಬವೆಂದರೆ ಅವರ ಕಣ್ಣಿಗೆ ಕೇಕು, ಕಾಗದದ ನಕ್ಷತ್ರ, ಕೆಂಪಂಗಿಯ ತಾತ ಇಷ್ಟೇ ಕಾಣುವುದಾದರೆ ಆ ತಪ್ಪು ಅವರದಲ್ಲ, ಕ್ರೈಸ್ತರಾದ ನಮ್ಮದು. ಹಬ್ಬದ ನಡುವೆ ಇರಬೇಕಾದುದನ್ನು ನಾವೇ ಅಂಚಿಗೆ ಸರಿಸಿದ್ದೇವೆ.

ನಡುವೆ ಇರಬೇಕಾದುದು ಯಾವುದು? ಲೂಕನ ಸುವಾರ್ತೆಯಲ್ಲಿ ಯೇಸುವಿನ ಜನನದ ಕಥೆ ಆರಂಭವಾಗುವುದು ದೇವದೂತರಿಂದಲ್ಲ, ಒಂದು ಸರ್ಕಾರಿ ಆದೇಶದಿಂದ. ರೋಮನ್ ಚಕ್ರವರ್ತಿ ಔಗುಸ್ತನು ಜನಗಣತಿಗೆ ಆಜ್ಞೆ ಮಾಡಿದನು. ನಮ್ಮ ಅಜ್ಜಿಯರು ಓದುತ್ತಿದ್ದ ಕನ್ನಡ ಬೈಬಲ್ಲಿನಲ್ಲಿ ಅದು 'ಖಾನೇಷುಮಾರಿ'. ತುಂಬು ಗರ್ಭಿಣಿಯಾದ ಮರಿಯಳೊಡನೆ ಯೋಸೇಫನು ನಜರೇತಿನಿಂದ ಬೇತ್ಲೆಹೇಮಿಗೆ ಹೋಗಬೇಕಾಯಿತು. ಛತ್ರದಲ್ಲಿ ಅವರಿಗೆ ಎಡೆ ಸಿಗದೆ ಮಗುವನ್ನು ದನಗಳ ಗೋದಲಿಯಲ್ಲಿ ಮಲಗಿಸಬೇಕಾಯಿತು. ಸುದ್ದಿ ಮೊದಲು ತಲುಪಿದ್ದು ಅರಮನೆಗಲ್ಲ, ರಾತ್ರಿಯಲ್ಲಿ ಹಿಂಡು ಕಾಯುತ್ತಿದ್ದ ಕುರುಬರಿಗೆ. ಆದೇಶ ಬಂದೊಡನೆ ಗಂಟುಮೂಟೆ ಕಟ್ಟಿ ಹೊರಟ ಹೊರನಾಡ ಕನ್ನಡಿಗರಿಗೆ ಈ ಪ್ರಯಾಣದ ಸಂಕಟವನ್ನು ನಾನು ವಿವರಿಸಬೇಕಾಗಿಲ್ಲ.

ಪ್ರವಾದಿಗಳ ಮೂಲಕ ಹೇಳಿ ಕಳುಹಿಸುತ್ತಿದ್ದ ದೇವರು ಕೊನೆಗೆ ತಾನೇ ಮನುಷ್ಯನಾಗಿ ನಮ್ಮ ನಡುವೆ ಬಂದನೆಂಬುದೇ ಕ್ರಿಸ್‌ಮಸ್ಸಿನ ನಂಬಿಕೆ. ಹೇಳಿ ಕಳುಹಿಸುವುದು ಬೇರೆ, ತಾನೇ ಬರುವುದು ಬೇರೆ. ಈ ವ್ಯತ್ಯಾಸವನ್ನು ಮರೆತರೆ ಹಬ್ಬದಲ್ಲಿ ಉಳಿಯುವುದು ಅಲಂಕಾರ ಮಾತ್ರ.

ಮರೆವು ಹೇಗೆ ಬಂತೆಂಬುದಕ್ಕೆ ಒಂದು ನಿದರ್ಶನವಿದೆ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತ ಕ್ರಿಸ್‌ಮಸ್ ಸಮಯದಲ್ಲಿ ಎಲ್ಲರಿಗೂ ಪತ್ರ ಬರೆಯಲು ಬಿಡುವಿಲ್ಲದೆ, ಚಿತ್ರಕಾರ ಹಾರ್ಸ್‌ಲಿಯಿಂದ ಚಿತ್ರ ಬರೆಯಿಸಿ ಶುಭಾಶಯದ ಕಾರ್ಡನ್ನು ಅಚ್ಚು ಹಾಕಿಸಿದನು. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡ್ ಅದು. ಕೋಲ್ ಕೂಡ ನನ್ನಂತೆ ಸರ್ಕಾರಿ ನೌಕರನೇ. ಅವನ ಅವಸರ ನನಗೆ ಅರ್ಥವಾಗುತ್ತದೆ. ಆದರೂ ಆ ಕಾರ್ಡಿನ ನಡುವೆ ಮೂರು ತಲೆಮಾರಿನ ಒಂದು ಕುಟುಂಬವಿತ್ತು. ಎರಡು ಪಕ್ಕಗಳಲ್ಲಿ ಹಸಿದವರಿಗೆ ಅನ್ನ, ಬಡವರಿಗೆ ಬಟ್ಟೆ ಕೊಡುವ ಚಿತ್ರಗಳಿದ್ದವು. ನಾವು ಕೋಲನ ಅನುಕೂಲವನ್ನು ಇಟ್ಟುಕೊಂಡು ಆ ಚಿತ್ರಗಳನ್ನು ಕೈಬಿಟ್ಟೆವು. ಈಗಂತೂ ಯಾರೋ ರಚಿಸಿದ ಸಂದೇಶವನ್ನು ಬೆರಳ ತುದಿಯಿಂದ ಇನ್ನೂರು ಜನಕ್ಕೆ ಒಮ್ಮೆಲೇ ರವಾನಿಸಿ, ಸಂಬಂಧ ಉಳಿಸಿಕೊಂಡೆವೆಂದು ನಂಬುತ್ತೇವೆ.

ಇದನ್ನು ಪರರ ಮೇಲೆ ಹೊರಿಸಿ ಹೇಳುತ್ತಿಲ್ಲ. ಧಾರವಾಡದಲ್ಲಿ ನಮ್ಮ ತಂದೆಯವರು ಬಿಟ್ಟುಹೋದ ಮನೆಯ ವಿಷಯದಲ್ಲಿ ನನಗೂ ಅಣ್ಣನಿಗೂ ಮನಸ್ತಾಪವುಂಟಾಗಿ ಏಳು ವರ್ಷ ಮಾತಿರಲಿಲ್ಲ. ಆ ಏಳು ವರ್ಷವೂ ಅಣ್ಣನಿಗೆ ಶುಭಾಶಯ ತಪ್ಪದೆ ಹೋಗುತ್ತಿತ್ತು, ಇನ್ನೂರು ಜನರಲ್ಲಿ ಒಬ್ಬನಾಗಿ. ಒಂದು ವರ್ಷ ಕ್ರಿಸ್‌ಮಸ್ ಬೆಳಗಿನ ಆರಾಧನೆಯಲ್ಲಿ ಕರ್ತನ ಭೋಜನಕ್ಕೆ ಎದ್ದು ನಿಂತಾಗ ಮತ್ತಾಯನ ಸುವಾರ್ತೆಯ ಒಂದು ಬೋಧನೆ ನೆನಪಾಯಿತು: ಯಜ್ಞವೇದಿಯ ಬಳಿ ಕಾಣಿಕೆ ತಂದವನು ಸಹೋದರನಿಗೆ ತನ್ನ ಮೇಲೆ ಅಸಮಾಧಾನವಿದೆಯೆಂದು ನೆನೆದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಅವನೊಡನೆ ಒಂದಾಗಬೇಕು. ನಾನು ಮುಂದೆ ಹೋಗದೆ ಕುಳಿತುಕೊಂಡೆ. ಆ ರಾತ್ರಿ ಅಣ್ಣನಿಗೆ ಕನ್ನಡದಲ್ಲಿ ನಾಲ್ಕು ಪುಟದ ಕಾಗದ ಬರೆದೆ. ಮನೆಯ ಮಾತೆತ್ತದೆ, ನನ್ನ ತಪ್ಪಿನಷ್ಟನ್ನೇ ಬರೆದೆ. ಉತ್ತರ ಬರಲಿಲ್ಲ. ಮಾರ್ಚಿಯಲ್ಲಿ ರಜೆ ಹಾಕಿ ನಾನೇ ಹೋದೆ. ಬಾಗಿಲು ತೆರೆದ ಅತ್ತಿಗೆ, "ಈಗ ಬಂದಿರೇನು?" ಎಂದರಷ್ಟೇ. ಮನೆಯ ವಿಷಯ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಆದರೆ ಭಾನುವಾರ ಸಂಜೆ ಅಣ್ಣ ನಾನು ಮಾತನಾಡುತ್ತೇವೆ.

ಹಾಗೆಂದು ಹಬ್ಬದ ಸಡಗರವನ್ನೇ ಬಿಡಬೇಕೆನ್ನುವವರ ಪಕ್ಷ ನನ್ನದಲ್ಲ. ಕರ್ಜಿಕಾಯಿ, ಚಕ್ಕುಲಿಗಳ ತಟ್ಟೆ ನೆರೆಮನೆಗೆ ಹೋಗಲಿ; ದೀಪಾವಳಿಯಲ್ಲಿ ಅವರ ತಟ್ಟೆ ನಮ್ಮಲ್ಲಿಗೆ ಬಂದಿದೆ. ಆದರೆ ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲವನ್ನು ಹಿರಿಯರು ಇಟ್ಟದ್ದು ಖರೀದಿಗಾಗಿ ಅಲ್ಲ, ಮನಸ್ಸಿನ ಸಿದ್ಧತೆಗಾಗಿ. ಆ ದಿನಗಳಲ್ಲಿ ಮನೆಮಂದಿ ಕೂಡಿ ಸುವಾರ್ತೆಯನ್ನು ಕನ್ನಡದಲ್ಲಿಯೇ ಓದಬಹುದು. ನಾವು ಹೋಗುವ ದೇವಾಲಯದಲ್ಲಿ ಆರಾಧನೆ ಹಿಂದಿ, ಇಂಗ್ಲಿಷ್‌ಗಳಲ್ಲಿ ನಡೆಯುತ್ತದೆ. ಮಕ್ಕಳಿಗೆ ಕನ್ನಡದಲ್ಲಿ ಪ್ರಾರ್ಥನೆ ಕೇಳಿಸುವುದು ಮನೆಯಲ್ಲಿ ಮಾತ್ರ. ಜರ್ಮನಿಯಿಂದ ಬಂದ ಕಿಟೆಲ್ ಅವರು 1862ರಲ್ಲಿಯೇ ಕ್ರಿಸ್ತನ ಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದರು. ಪರದೇಶದವರಿಗೆ ಸಾಧ್ಯವಾದದ್ದು ಪರಊರಿನಲ್ಲಿರುವ ನಮಗೆ ಸಾಧ್ಯವಾಗಬಾರದೇಕೆ?

ಇನ್ನೊಂದು ಮಾತು. ಈ ನಗರದ ಆಸ್ಪತ್ರೆಗಳಲ್ಲಿ, ವಸತಿಗೃಹಗಳಲ್ಲಿ ರಜೆ ಸಿಗದೆ ಉಳಿದ ನಮ್ಮೂರ ದಾದಿಯರು, ವಿದ್ಯಾರ್ಥಿಗಳು ಇರುತ್ತಾರೆ. ಅವರು ಯಾವ ಮತದವರೇ ಆಗಲಿ, ಹಬ್ಬದ ಊಟಕ್ಕೆ ಒಂದು ಎಲೆ ಹೆಚ್ಚು ಹಾಕಿದರೆ ಛತ್ರದವನು ಮಾಡಿದ ತಪ್ಪನ್ನು ನಾವು ಮಾಡಿದಂತಾಗುವುದಿಲ್ಲ.

ಈ ಸಲ ನಕ್ಷತ್ರವನ್ನು ತೂಗುಹಾಕುವ ಮೊದಲು ಪ್ರತಿಯೊಬ್ಬರೂ ಒಂದು ಹೆಸರನ್ನು ನೆನೆಯೋಣ, ಶುಭಾಶಯ ಕಳುಹಿಸಿ ಕೈತೊಳೆದುಕೊಂಡ ಹೆಸರನ್ನು. ಅವರಿಗೆ ಸಂದೇಶ ಬೇಡ. ಕಾಗದ ಬರೆಯೋಣ, ಆದರೆ ನಾವೇ ಹೋಗೋಣ.